ಪುನರ್ಪುಳಿ ಬಾಟಲಿಯಲ್ಲಿ 330, 211: ಚೆಲ್ಲಬೇಕಾ?

ಪ್ರಶ್ನೆ: ಮೇಡಂ, ನೆಂಟರು ಪುನರ್ಪುಳಿ (ಕೋಕಂ) ಸಿರಪ್ ತಂದುಕೊಟ್ಟಿದ್ದಾರೆ. ಬಾಟಲಿಯ ಹಿಂದೆ ಐಎನ್‌ಎಸ್ 330, ಐಎನ್‌ಎಸ್ 211 ಎಂದು ಬರೆದಿದೆ. 330 ಅಂದರೆ ಕ್ಯಾನ್ಸರ್ ತರುವ ವಿಷ ಎಂದು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದೆ. ಮೊಮ್ಮಕ್ಕಳು ರಜೆಗೆ ಬಂದಿದ್ದಾರೆ. ಕೊಡಬಹುದಾ, ಚೆಲ್ಲಿಬಿಡಲಾ?
– ಗೃಹಿಣಿ, ಕುಂದಾಪುರ

ಉತ್ತರ: ಚೆಲ್ಲಬೇಡಿ ಅಮ್ಮ. ಐಎನ್‌ಎಸ್ ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳ ಅಂತರರಾಷ್ಟ್ರೀಯ ನಂಬರು. 330 ಅಂದರೆ ಸಿಟ್ರಿಕ್ ಆ್ಯಸಿಡ್. ಲಿಂಬೆಹಣ್ಣಿನ ಹುಳಿ ಅದೇ. ಕಾರ್ಖಾನೆಯವರು ಅದನ್ನು ಲಿಂಬೆ ಹಿಂಡಿ ತೆಗೆಯುವುದಿಲ್ಲ, ಸಕ್ಕರೆ ಅಥವಾ ಕಾಕಂಬಿಯಲ್ಲಿ ಒಂದು ಜಾತಿಯ ಬೂಷ್ಟು ಬೆಳೆಸಿ ಹುಳಿ ಬರಿಸುತ್ತಾರೆ. ಆಮೇಲೆ ಶುದ್ಧ ಮಾಡಿ ಪುಡಿ ಮಾಡುತ್ತಾರೆ. ಎರಡೂ ಒಂದೇ ವಸ್ತು.

ನಿಮಗೆ ಬಂದ ಮೆಸೇಜಿಗೆ ವಾಟ್ಸ್ಆ್ಯಪ್‌ಗಿಂತ ಬಹಳ ಜಾಸ್ತಿ ವಯಸ್ಸಾಗಿದೆ. 1976ರಲ್ಲಿ ಫ್ರಾನ್ಸಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಕೈಯಿಂದ ಕೈಗೆ ಹರಿದಾಡಿತು. ವಿಲ್‌ಜ್ವೀಫ್ ಎಂಬ ಊರಿನ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಅದರ ಮೇಲಿತ್ತು. ಎಲ್ಲಕ್ಕಿಂತ ಅಪಾಯಕಾರಿ ವಸ್ತು 330 ಎಂದು ಅದರಲ್ಲಿ ಬರೆದಿತ್ತು. ಇದು ನಮ್ಮದಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಆದರೂ ಹಾಳೆ ನಿಲ್ಲಲಿಲ್ಲ. ಜೆರಾಕ್ಸ್ ಆಯಿತು, ಬೇರೆ ಭಾಷೆಗಳಿಗೆ ಹೋಯಿತು. ಪಾಪದ ಸಿಟ್ರಿಕ್ ಆ್ಯಸಿಡ್ ಮೇಲೆ ಈ ಆರೋಪ ಹೇಗೆ ಬಂತು? ನಮ್ಮ ಜೀವಕೋಶಗಳಲ್ಲಿ ಆಹಾರದಿಂದ ಶಕ್ತಿ ತೆಗೆಯುವ ಒಂದು ಚಕ್ರ ಇದೆ, ಸಿಟ್ರಿಕ್ ಆ್ಯಸಿಡ್ ಚಕ್ರ. ಅದನ್ನು ಕಂಡುಹಿಡಿದವರು ಹ್ಯಾನ್ಸ್ ಕ್ರೆಬ್ಸ್, 1953ರಲ್ಲಿ ಅವರಿಗೆ ನೊಬೆಲ್ ಬಂತು. ಅದನ್ನು ಕ್ರೆಬ್ಸ್ ಚಕ್ರ ಅಂತಲೂ ಕರೆಯುತ್ತಾರೆ. ಜರ್ಮನ್ ಭಾಷೆಯಲ್ಲಿ ಕ್ರೆಬ್ಸ್ ಅಂದರೆ ಕ್ಯಾನ್ಸರ್. ಯಾರೋ ಹೆಸರನ್ನೇ ರೋಗ ಅಂದುಕೊಂಡರು ಎಂಬುದು ಇದನ್ನು ಹುಡುಕಿದವರ ಊಹೆ.

ಇನ್ನು ಈ ಸಂಖ್ಯೆಗಳು. ಬೇರೆ ಬೇರೆ ದೇಶದಲ್ಲಿ ಒಂದೇ ವಸ್ತುವಿಗೆ ಬೇರೆ ಬೇರೆ ಹೆಸರು ಇರುತ್ತದಲ್ಲ, ಗೊಂದಲ ಬೇಡ ಅಂತ ಕೊಟ್ಟ ನಂಬರು ಅಷ್ಟೆ. ಅರಿಶಿನದ ಬಣ್ಣಕ್ಕೆ 100. ವಿಟಮಿನ್ ಸಿಗೆ 300. ವಿನಿಗರ್‌ನ ಹುಳಿಗೆ 260. ಇಡ್ಲಿ ಹಿಟ್ಟಿಗೆ ನೀವು ಕೆಲವೊಮ್ಮೆ ಹಾಕುವ ಸೋಡಾಪುಡಿ 500ರ ಗುಂಪಿನದ್ದು.

211ರ ವಿಷಯ ಸ್ವಲ್ಪ ಬೇರೆ. ಅದು ಸೋಡಿಯಂ ಬೆಂಜೋಯೇಟ್, ಕೆಡದಂತೆ ಹಾಕುವ ಪುಡಿ. ನಮ್ಮ ಅಜ್ಜಿ ಪುನರ್ಪುಳಿ ಸಿಪ್ಪೆಯನ್ನೂ ಸಕ್ಕರೆಯನ್ನೂ ಪದರ ಪದರವಾಗಿ ಭರಣಿಗೆ ತುಂಬಿ, ಬಟ್ಟೆ ಕಟ್ಟಿ, ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಅಲ್ಲಿ ಕೆಡದಂತೆ ಕಾದದ್ದು ಸಕ್ಕರೆಯೇ. ಪಾಕ ತೆಳುವಾದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು: ಮುಚ್ಚಳ ಟಪ್ ಎಂದು ಹಾರುತ್ತದೆ, ಕಳ್ಳಿನ ವಾಸನೆ ಬರುತ್ತದೆ. ಅದನ್ನು ತಡೆಯಲು ಬೆಂಜೋಯೇಟ್ ಹಾಕುತ್ತಾರೆ. ಇದಕ್ಕೆ ಕಾನೂನಿನ ಮಿತಿ ಇದೆ. ಬೆಂಜೋಯೇಟ್ ಮತ್ತು ವಿಟಮಿನ್ ಸಿ ಒಟ್ಟಿಗಿರುವ ಪಾನೀಯ ಬಿಸಿಲು, ಶಾಖಕ್ಕೆ ಸಿಕ್ಕರೆ ಬಹಳ ಸಣ್ಣ ಪ್ರಮಾಣದಲ್ಲಿ ಬೆಂಜೀನ್ ಹುಟ್ಟಬಹುದು ಎಂಬುದು ನಿಜ. ಬೆಂಜೀನ್ ಒಳ್ಳೆಯದಲ್ಲ. ಹಾಗಾಗಿ ಬಾಟಲಿಯನ್ನು ಕಿಟಕಿಯ ಹತ್ತಿರ ಇಡಬೇಡಿ. ಫ್ರಿಜ್‌ನಲ್ಲಿಡಿ, ತೆರೆದ ಮೇಲೆ ಬೇಗ ಮುಗಿಸಿ.

ನನಗೆ ಚಿಂತೆ ಇರುವುದು ನೀವು ಕೇಳದ ಎರಡು ವಿಷಯದ್ದು. ಮೊದಲನೆಯದು ಬಣ್ಣ. ಪಟ್ಟಿಯಲ್ಲಿ 122, 124 ಇದೆಯಾ ನೋಡಿ, ಅವು ಕೃತಕ ಕೆಂಪು ಬಣ್ಣ. ಪುನರ್ಪುಳಿಗೆ ಅದು ಬೇಕಾಗಿಯೇ ಇಲ್ಲ. ಮನೆಯಲ್ಲೇ ನೋಡಬಹುದಾದ ಒಂದು ಉಪಾಯ ಹೇಳುತ್ತೇನೆ. ಬಿಳಿ ಬಟ್ಟಲಿಗೆ ಒಂದು ಚಮಚ ಸಿರಪ್, ನಾಲ್ಕು ಚಮಚ ನೀರು ಹಾಕಿ. ಸೋಡಾಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಮೊದಲು ಬುಸ್ಸೆಂದು ನೊರೆ ಬರುತ್ತದೆ, ಹೆದರಬೇಡಿ, ಹುಳಿಗೆ ಸೋಡಾ ಸೇರಿದ್ದಕ್ಕೆ. ನೊರೆ ನಿಲ್ಲುವವರೆಗೂ ಹಾಕುತ್ತಾ ಹೋಗಿ. ಹಣ್ಣಿನದೇ ಬಣ್ಣವಾದರೆ ಕೆಂಪು ಹೋಗಿ ನೇರಳೆ, ನೀಲಿ ಅಥವಾ ಹಸಿರು ಛಾಯೆಗೆ ತಿರುಗುತ್ತದೆ. ಕಡುಗೆಂಪು ಹಾಗೇ ಉಳಿದರೆ ಅನುಮಾನ ಪಡಿ. ಇದು ಲ್ಯಾಬ್ ಪರೀಕ್ಷೆಗೆ ಸಮ ಅಲ್ಲ, ಒಂದು ಅಂದಾಜು ಸಿಗುತ್ತದೆ. ಹಳೆಯ ಸಿರಪ್ ಕಂದು ಬಣ್ಣಕ್ಕೆ ತಿರುಗುವುದು ಸಹಜ, ಅದು ಮೋಸ ಅಲ್ಲ.

ಎರಡನೆಯದು ಸಕ್ಕರೆ. ಪೊಟ್ಟಣದ ಪಟ್ಟಿಯಲ್ಲಿ ಯಾವುದರ ತೂಕ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ನಿಮ್ಮ ಬಾಟಲಿಯಲ್ಲಿ ಮೊದಲ ಹೆಸರು ಸಕ್ಕರೆಯೇ ಇರುತ್ತದೆ ನೋಡಿ. ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಆರು ಚಮಚ. ಮಕ್ಕಳಿಗೆ ನೀರು ಜಾಸ್ತಿ ಹಾಕಿ, ದಿನಕ್ಕೊಂದು ಲೋಟ ಕೊಡಿ, ಸಾಕು.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮಗ ತಿನ್ನುವ ಮಸಾಲೆ ಚಿಪ್ಸ್‌ನಲ್ಲಿ 631 ಇದೆ. ಅದು ಹಂದಿ ಕೊಬ್ಬು ಅಂತೆ, ಹೌದಾ?
– ಓದುಗರು, ಉಡುಪಿ

ಉತ್ತರ: 631 ಕೊಬ್ಬೇ ಅಲ್ಲ. ಅದು ಡೈಸೋಡಿಯಂ ಇನೋಸಿನೇಟ್, ರುಚಿ ಏರಿಸುವ ಒಂದು ಲವಣ. ಬಂಗುಡೆ ಸಾರಿಗೆ ಆ ಗಾಢ ರುಚಿ ಬರುವುದರಲ್ಲಿ ಇದೇ ಜಾತಿಯ ವಸ್ತುವಿನ ಪಾಲಿದೆ. ಇದನ್ನು ಮೀನು, ಮಾಂಸದಿಂದಲೂ ತೆಗೆಯಬಹುದು, ಮರಗೆಣಸಿನ ಪಿಷ್ಟವನ್ನು ಹುದುಗಿಸಿಯೂ ತಯಾರಿಸಬಹುದು. ಹಾಗಾಗಿ ನಿಮ್ಮ ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಆ ಸಂಖ್ಯೆಯಲ್ಲಿ ಸಿಗುವುದಿಲ್ಲ, ಪೊಟ್ಟಣದ ಮುಂದಿರುವ ಗುರುತಿನಲ್ಲಿ ಸಿಗುತ್ತದೆ. ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಪ್ರಾಣಿಮೂಲದ್ದು ಸ್ವಲ್ಪವೇ ಇದ್ದರೂ ಹಸಿರು ಚುಕ್ಕೆ ಹಾಕುವಂತಿಲ್ಲ; ಹಾಲು, ಹಾಲಿನ ಉತ್ಪನ್ನ, ಜೇನು, ಜೇನುಮೇಣ, ಅರಗಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಚಿಪ್ಸ್‌ನಲ್ಲಿ ಉಪ್ಪು ಎಷ್ಟಿದೆ ಅಂತಲೂ ಒಮ್ಮೆ ನೋಡಿ.

ಪ್ರಶ್ನೆ: ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತಿದೆ. ನೀರಿಗೆ ಹಾಕಿದರೆ ತೇಲುತ್ತದೆ, ಬಣ್ಣವೂ ಬೇರೆ. ನಾನು ದಿನಾ ಹೆಕ್ಕಿ ಬಿಸಾಡುತ್ತೇನೆ.
– ಬೀಡಿ ಕಟ್ಟುವ ಮಹಿಳೆ, ಬಂಟ್ವಾಳ

ಉತ್ತರ: ಅಕ್ಕ, ದಯವಿಟ್ಟು ನಾಳೆಯಿಂದ ಹೆಕ್ಕಬೇಡಿ. ಈ ಪತ್ರ ಓದಿ ನನಗೆ ನಿಜವಾಗಿ ಸಂಕಟವಾಯಿತು. ನೀವು ಬಿಸಾಡುತ್ತಿರುವುದು ಕಬ್ಬಿಣಾಂಶ, ಫೋಲಿಕ್ ಆ್ಯಸಿಡ್, ವಿಟಮಿನ್ ಬಿ12. ಅದು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಇವನ್ನು ಕಲಸಿ, ಶ್ಯಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿಕಾಳಿನ ಆಕಾರಕ್ಕೆ ಕತ್ತರಿಸುತ್ತಾರೆ. 100 ಕೆ.ಜಿ. ಅಕ್ಕಿಗೆ 1 ಕೆ.ಜಿ. ಬೆರೆಸುತ್ತಾರೆ. ಒತ್ತಿ ಮಾಡಿದ ಕಾಳಾದ್ದರಿಂದ ಕೆಲವು ತೇಲುತ್ತವೆ, ಬಣ್ಣವೂ ಒಂದು ಛಾಯೆ ಬೇರೆ. ಅನುಮಾನ ಹೋಗದಿದ್ದರೆ ನಾಲ್ಕು ಕಾಳನ್ನು ಚಮಚದಲ್ಲಿಟ್ಟು ಬೆಂಕಿಗೆ ಹಿಡಿಯಿರಿ. ಅಕ್ಕಿಯಂತೆ ಕರಕಲಾಗುತ್ತದೆ, ಪ್ಲಾಸ್ಟಿಕ್‌ನಂತೆ ಕರಗಿ ಎಳೆ ಬರುವುದಿಲ್ಲ.

ಇದರಲ್ಲಿ ನಿಮ್ಮ ತಪ್ಪಿಲ್ಲ. ಕುಚ್ಚಲಕ್ಕಿ ಉಂಡು ಬೆಳೆದ ನಮಗೆ ಅಕ್ಕಿ ನೋಡಿದರೆ ಗೊತ್ತಾಗುತ್ತದೆ. ಹೊಸ ಕಾಳು ಕಂಡರೆ ಕೈ ನಿಲ್ಲುತ್ತದೆ. ಅಕ್ಕಿ ಕೊಡುವ ಜಾಗದಲ್ಲೇ ಒಬ್ಬರು ಒಂದು ಮುಷ್ಟಿ ತೋರಿಸಿ ಇದು ಇಂಥದ್ದು ಅಂತ ಎರಡು ಮಾತು ಹೇಳಬೇಕಿತ್ತು. ಮನೆಯಲ್ಲಿ ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ಒಂದು ರಕ್ತದ ಕಾಯಿಲೆ) ಇರುವವರಿದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಪ್ರಶ್ನೆ: ಎಲ್ಲವೂ ಸುರಕ್ಷಿತ ಅಂತ ನೀವು ಹೇಳಿದರೆ ನಾವು ಯಾಕೆ ನಂಬಬೇಕು? ಕಂಪನಿಗಳು ಸುಳ್ಳು ಹೇಳುವುದಿಲ್ವಾ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಹೇಳುತ್ತವೆ. ಎಲ್ಲವೂ ಸುರಕ್ಷಿತ ಅಂತ ನಾನು ಹೇಳುವುದೂ ಇಲ್ಲ. ಕಳೆದ ತಿಂಗಳು ನಾನೇ ಒಂದು ರಾಗಿ ಬಿಸ್ಕೆಟ್ ಪೊಟ್ಟಣ ತಂದೆ. ಮುಂದೆ ರಾಗಿ ತೆನೆಯ ದೊಡ್ಡ ಚಿತ್ರ. ಹಿಂದೆ ತಿರುಗಿಸಿದರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ನಾಲ್ಕನೆಯದು. ಮುಂದೆ ಒಂದು ವಸ್ತುವಿನ ಹೆಸರು ಎತ್ತಿ ಹೇಳಿದರೆ ಅದು ಶೇಕಡಾ ಎಷ್ಟಿದೆ ಅಂತ ಬರೆಯಬೇಕು, ಆ ಸಂಖ್ಯೆ ಹುಡುಕಿ. ಸಕ್ಕರೆ ಎಂಬ ಹೆಸರಿಲ್ಲದೆ ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಅಂತ ಇದ್ದರೂ ಅದು ಸಕ್ಕರೆಯ ಲೆಕ್ಕವೇ.

ಪಟ್ಟಿಯೇ ಇಲ್ಲದ ತಿಂಡಿಯ ಬಗ್ಗೆ ನನಗೆ ಇನ್ನೂ ಜಾಸ್ತಿ ಭಯ. ಯಕ್ಷಗಾನ ಆಟದ ಮೈದಾನದ ಬದಿಯಲ್ಲಿ, ಜಾತ್ರೆಯಲ್ಲಿ ಕೆಂಡದಂಥ ಬಣ್ಣದ ಗೋಬಿ ಕಂಡರೆ ಯಾರೂ ನಂಬರ್ ಕೇಳುವುದಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬ್‌ಗೂ. ರೋಡಮಿನ್ ಬಿ ಎಂಬ ಬಟ್ಟೆಯ ಬಣ್ಣ ಮಾದರಿಗಳಲ್ಲಿ ಸಿಕ್ಕಿತ್ತು. ಅನುಮಾನ ಪಡಬೇಕಾದ್ದು ಇಂಥಲ್ಲಿ.

ನಂಬಿಕೆ ಇಲ್ಲದಿದ್ದರೆ ಪರೀಕ್ಷೆ ಮಾಡಿಸುವ ಹಕ್ಕು ನಿಮಗೆ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ನೋಡಿ. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾರು ಬೇಕಾದರೂ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆಹಾರ ಕಾನೂನಿಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ದುಡ್ಡು ವಾಪಸ್. ಸುಮ್ನೆ ದೂರು ಕೊಡಲು ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಸಾಕು. ಪೊಟ್ಟಣ ಬಿಸಾಡಬೇಡಿ. ಬ್ಯಾಚ್ ನಂಬರ್, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಕಾಣುವ ಹಾಗೆ ಫೋಟೊ ತೆಗೆದಿಡಿ, ಬಿಲ್ಲನ್ನೂ ಜೊತೆಗಿಡಿ.