ಅಮ್ಮ, ಮಗಳ ಜೊತೆಗಾದ್ರೆ ಶಾಂತಿ ಫಾಲ್ಸ್ ಸರಿ

ಅರವತ್ತು ದಾಟಿದ ಅಮ್ಮ, ಏಳು ವರ್ಷದ ಮಗಳು, ಚಿಕ್ಕಮಗಳೂರಲ್ಲಿ ಜಾಸ್ತಿ ಹತ್ತದೆ ನೋಡುವಂಥ ಸಣ್ಣ ಜಲಪಾತ ಬೇಕು ಅಂದ್ರಲ್ಲ, ಹೆಬ್ಬೆ ಜಲಪಾತ ಈ ಸಲ ಬಿಡಿ. ಕೆಮ್ಮಣ್ಣುಗುಂಡಿಯ ಶಾಂತಿ ಫಾಲ್ಸ್‌ಗೆ ಹೋಗಿ. ಅಲ್ಲಿನ ರಾಜಭವನ ಅತಿಥಿಗೃಹದಿಂದ ಝಡ್ ಪಾಯಿಂಟ್ ಅನ್ನೋ ವೀಕ್ಷಣಾ ತಾಣಕ್ಕೆ ಹೋಗುವ ಕಾಲುದಾರಿಯಲ್ಲೇ ಸಿಗುತ್ತೆ. ದಾರಿಯ ಒಂದು ಬದಿ ಕಣಿವೆ, ಮಗು ಬೆಟ್ಟದ ಬದಿಗಿರಲಿ. ಫಾಲ್ಸ್ ದಾಟಿದ ಮೇಲೇ ನಿಜವಾದ ಏರು. ಅಮ್ಮನನ್ನ ಅದಕ್ಕೆ ಎಳೀಬೇಡಿ.

ಮಳೆಗಾಲದಲ್ಲಿ ಇಂಬಳದ (ಜಿಗಣೆ) ಕಾಟ. ಉಪ್ಪು, ಹೊಗೆಸೊಪ್ಪಿನ ಪುಡಿ ಬಟ್ಟೇಲಿ ಕಟ್ಕೊಂಡು ಹೋಗಿ (ನಮ್ಮಜ್ಜಿ ಸುಣ್ಣ ಹಚ್ತಿದ್ರು). ಬೇಸಿಗೆಗೆ ನೀರು ನೂಲಿನಷ್ಟು. ಅಕ್ಟೋಬರ್, ನವೆಂಬರ್ ನನ್ನ ಆಯ್ಕೆ. ಬೆಳಗ್ಗೆ ಬೇಗ ಹೊರಡಿ, ಮಂಜು ಕವಿದರೆ ದಾರಿ ಕಾಣಲ್ಲ.

ಇಳಿಯುವಾಗ ಲಿಂಗದಹಳ್ಳಿ ರಸ್ತೆಯಲ್ಲಿ ಕಲ್ಲತ್ತಿಗಿರಿ ಇದೆ. ವೀರಭದ್ರನ ಗುಡಿ ಪಕ್ಕದಲ್ಲೇ ನೀರು ಧುಮ್ಮಿಕ್ಕುತ್ತೆ, ಹೆಚ್ಚು ನಡೆಯೋದೇ ಬೇಡ.