ಬಾಲಿಯಲ್ಲಿ ನಲ್ಲಿ ನೀರು ಕುಡಿಯಬಹುದಾ?

ಹುಬ್ಬಳ್ಳಿಯಿಂದ ಅಪ್ಪ-ಅವ್ವನ ಜೊತೆ ಬಾಲಿಗೆ ಹೊರಟಿದ್ದೇವೆ, ಹೋಟೆಲಿನ ನಲ್ಲಿ ನೀರು ನಡೆಯುತ್ತಾ ಅಂತ ಕೇಳಿದ್ದೀರಿ. ಬೇಡ. ಅಲ್ಲಿನವರೇ ಅದನ್ನು ಹಾಗೇ ಕುಡಿಯುವುದಿಲ್ಲ, ಮನೆಗೆ 19 ಲೀಟರಿನ ಕ್ಯಾನ್ ತರಿಸುತ್ತಾರೆ. ನೀವೂ ಸೀಲ್ ಇರುವ ಬಾಟಲಿ ನೀರನ್ನೇ ಕುಡಿಯಿರಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸಲೂ ಅದೇ ಇರಲಿ. ಸ್ನಾನಕ್ಕೆ ನಲ್ಲಿ ನೀರು ಸಾಕು.

ಮಲಪ್ರಭಾ ನೀರನ್ನು ಅರಿವೆಯಲ್ಲಿ ಸೋಸಿ ಕೊಡ ತುಂಬಿಡುವ ನಮ್ಮ ರೂಢಿ ಅಲ್ಲಿ ಸಾಲದು. ಅರಿವೆ ಕಸ ತಡೆಯುತ್ತದೆ, ಬ್ಯಾಕ್ಟೀರಿಯಾ ಅಲ್ಲ. ಕಾಯಿಸುವುದಾದರೆ ಕೊತಕೊತ ಕುದಿ ಬಂದ ಮೇಲೆ 1 ನಿಮಿಷ ಬಿಡಿ.

ಜನ ಎಡವುವುದು ಐಸ್‌ನಲ್ಲಿ. ಬಾಟಲಿ ನೀರಿಗೆ ಅಷ್ಟೆಲ್ಲ ಎಚ್ಚರ, ಆಮೇಲೆ ರಸ್ತೆ ಬದಿಯಲ್ಲಿ ಐಸ್ ಹಾಕಿದ ಜ್ಯೂಸ್! ನಡುವೆ ತೂತಿರುವ ಉರುಟು ಐಸ್ ಸಾಮಾನ್ಯವಾಗಿ ಫ್ಯಾಕ್ಟರಿಯದು. ದೊಡ್ಡ ಗಡ್ಡೆ ಒಡೆದು ಹಾಕುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ. ಅದಕ್ಕಿಂತ ಎದುರಿಗೇ ಕೆತ್ತಿಸಿದ ಎಳನೀರು ವಾಸಿ, ಅಲ್ವಾ?

ಭೇದಿಯಾದರೆ ನೀರಿಗೆ ಕಲಸಿ ಕುಡಿಯಲು ನಾಲ್ಕೈದು ಒಆರ್‌ಎಸ್ (ಉಪ್ಪು-ಸಕ್ಕರೆ ಪುಡಿ) ಪೊಟ್ಟಣ ಇಲ್ಲಿಂದಲೇ ಒಯ್ಯಿರಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಬೇಕು, ಜಾಸ್ತಿ-ಕಡಿಮೆ ಬೇಡ. ಭೇದಿಯ ಜೊತೆ ಜ್ವರ ಬಂದರೆ, ರಕ್ತ ಕಂಡರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ವಯಸ್ಸಾದವರು ಬೇಗ ಸುಸ್ತಾಗುತ್ತಾರೆ.