ಕಪ್ಪು ವಾಲ್‌ನಟ್ ಸೌದೆ ಉರಿಸಬಹುದೇ?

ಪ್ರಶ್ನೆ: ನಾವು ಅಮೆರಿಕದ ಓಹಾಯೋದಲ್ಲಿದ್ದೇವೆ. ಬಿರುಗಾಳಿಗೆ ಹಿತ್ತಿಲ ಕಪ್ಪು ವಾಲ್‌ನಟ್ ಮರ ಉರುಳಿದೆ. ಅದರ ಹೊಗೆ ವಿಷವೆಂದು ನೆರೆಯವರು ಹೇಳುತ್ತಾರೆ. ಒಲೆಗೆ ಬಳಸಬಹುದೇ?

ಉತ್ತರ: ಧಾರಾಳವಾಗಿ ಬಳಸಬಹುದು. ಈ ಮರದಲ್ಲಿರುವ ಜುಗ್ಲೋನ್ ಎಂಬ ರಾಸಾಯನಿಕವು ಟೊಮ್ಯಾಟೊ ಗಿಡಗಳನ್ನು ಬಾಡಿಸುತ್ತದೆ. ಲಾಯದಲ್ಲಿ ಈ ಮರದ ಗರಗಸದ ಹೊಟ್ಟು ಹಾಸಿದರೆ ಕುದುರೆಗಳ ಗೊರಸಿನೊಳಗೆ ಉರಿಯೂತವಾಗಿ ಅವು ಕುಂಟುತ್ತವೆ. ನೆರೆಯವರ ಭಯಕ್ಕೆ ಇದೇ ಮೂಲವಿರಬೇಕು. ಆದರೆ ಚೆನ್ನಾಗಿ ಒಣಗಿದ ಸೌದೆಯನ್ನು ಚಿಮಣಿಯುಳ್ಳ ಒಲೆಯಲ್ಲಿ ಉರಿಸಿದಾಗ ಬರುವ ಹೊಗೆ ಬೇರೆ ಮರಗಳ ಹೊಗೆಗಿಂತ ಹೆಚ್ಚು ಅಪಾಯಕಾರಿಯಲ್ಲ. ಮರ ಕೊಯ್ಯುವಾಗ ಬೀಳುವ ಹೊಟ್ಟನ್ನು ಮಾತ್ರ ತರಕಾರಿ ಮಡಿಗೆ ಹಾಕಬೇಡಿ.

ಒಂದು ಕಾರ್ಡ್, ಅಂದರೆ 128 ಘನ ಅಡಿ ಸೌದೆಯಿಂದ ಸುಮಾರು 2 ಕೋಟಿ ಬಿಟಿಯು (ಶಾಖವನ್ನು ಅಳೆಯುವ ಮಾನ) ಶಾಖ ಸಿಗುತ್ತದೆ; ಬಿಳಿ ಓಕ್ ಇದಕ್ಕಿಂತ ಮೇಲು. ಸೀಳಿ, ಮಳೆ ತಾಗದಂತೆ, ಗಾಳಿಯಾಡುವಂತೆ ಒಟ್ಟಿ ಒಂದು ವರ್ಷ ಬಿಡಿ. ತೇವ ಶೇ. 20ಕ್ಕಿಂತ ಕೆಳಗಿಳಿದ ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಠಣ್ಣೆನ್ನುತ್ತವೆ, ತುದಿಗಳಲ್ಲಿ ಬಿರುಕು ಕಾಣುತ್ತದೆ.

ಆದರೂ ನೆಟ್ಟಗಿನ ದಪ್ಪ ಕಾಂಡವನ್ನು ದಯವಿಟ್ಟು ಒಲೆಗೆ ಹಾಕಬೇಡಿ. ಚಾಕೊಲೇಟ್ ಬಣ್ಣದ ಅದರ ತಿರುಳು ಪೀಠೋಪಕರಣಕ್ಕೆ ಬಹಳ ಬೆಲೆಬಾಳುವುದರಿಂದ, ಮೊದಲು ಹತ್ತಿರದ ಸಾಮಿಲ್‌ನವರಿಗೆ ತೋರಿಸಿ, ಕೊಂಬೆಗಳನ್ನಷ್ಟೇ ಸೌದೆ ಮಾಡಿ. ವಾಲ್‌ನಟ್ ಮರಗಳನ್ನು ಕೊಲ್ಲುವ ಶಿಲೀಂಧ್ರವನ್ನು ಹೊತ್ತ ಸಣ್ಣ ದುಂಬಿಗಳು ತೊಗಟೆಯಡಿ ಇರಬಹುದಾದ್ದರಿಂದ ಸೌದೆಯನ್ನು ದೂರದೂರಿಗೆ ಸಾಗಿಸಬೇಡಿ.